ಅತ್ತೆಯ ಜಗಲಿಯ ಪ್ಲಗ್ಗು

“ವಿಮಾನ ಸಂಜೆಗೆ ಬರುತ್ತೆ. ನಮ್ಮ ರನ್‌ವೇಗೆ ದೀಪ ಇಲ್ಲ, ಕತ್ತಲಾದ್ರೆ ಇಳಿಸಲ್ಲ. ಅಷ್ಟರೊಳಗೆ ಮಗು ಇಲ್ಲಿರ್ಬೇಕು ಸೆಲ್ವಿನ್,” ಎಂದು ಹೀದರ್ ಸಿಸ್ಟರ್ ಫೋನು ಕೆಳಗಿಟ್ಟಳು.

ಸೆಲ್ವಿನ್ ಜಂಗಾಲ ತಲೆಯಾಡಿಸಿದ. ಅವನ ಆರು ವರ್ಷದ ಮಗಳು ಕಿಯಾರ್ನಾ ಉಡ ಹಿಡಿಯಲೆಂದು ಅಜ್ಜಿಯ ಜೊತೆ ಜಾಲ್ಬಿ ಬೋರಿಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಅವರು ಹೋದ ಬೆನ್ನಿಗೇ ಮಳೆ ಹಿಡಿಯಿತು. ವರ್ಷಗಟ್ಟಲೆ ಮುಖ ತೋರಿಸದ ಮಳೆ ಒಂದೇ ವಾರದಲ್ಲಿ ಸುರಿದು, ವಾರಿಂಗಾ ಊರಿನಿಂದ ಹೊರಡುವ ದಾರಿಗಳೆಲ್ಲ ಕೆಸರಾಗಿ ಕೂತಿದ್ದವು. ಜಾಲ್ಬಿ ಬೋರಿನಲ್ಲಿ ಇರುವುದೇ ಒಂದು ಮನೆ, ಒಂದು ಪಂಪಿನ ಶೆಡ್ಡು, ಒಂದು ನೀರಿನ ಟ್ಯಾಂಕು, ಒಂದು ಫೋನು. ಮಗುವಿಗೆ ಹುಟ್ಟಿದಾಗಿನಿಂದ ಉಬ್ಬಸ. ಬಾಯಿಗಿಟ್ಟು ಒತ್ತುವ ಔಷಧದ ಪಂಪು ಹಿಂದಿನ ರಾತ್ರಿಯೇ ಖಾಲಿಯಾಗಿತ್ತು.

“ಅಜ್ಜಿ ಫೋನಲ್ಲಿ ಮಾತಾಡ್ತಿದ್ರೆ ಹಿಂದುಗಡೆ ಮಗು ಉಸಿರು ಎಳೆಯೋದು ನಂಗೆ ಕೇಳಿಸ್ತಿತ್ತು,” ಎಂದಳು ಸಿಸ್ಟರ್. “ಈ ಔಷಧ ಕೊಟ್ರೆ ಸ್ವಲ್ಪ ಹೊತ್ತು ತಡೆಯುತ್ತೆ. ಅಷ್ಟೇ. ಆಮೇಲೆ ಅದಕ್ಕೆ ಆಕ್ಸಿಜನ್ನೇ ಬೇಕು.”

ಹೆಲಿಕಾಪ್ಟರು ದಕ್ಷಿಣದ ಕಡೆ ನೆರೆಯಲ್ಲಿ ಸಿಕ್ಕಿದವರನ್ನು ಎತ್ತುತ್ತಿತ್ತು. ಊರಿನ ಎರಡು ದೊಡ್ಡ ಜೀಪುಗಳು ಊರ ಹೊರಗಿನ ಹೊಂಡದಲ್ಲಿ ಬಾಗಿಲಿನವರೆಗೆ ಹೂತಿದ್ದವು. ಉಳಿದದ್ದು ಒಂದೇ, ಕಾಡು ಕಾಯುವವರ ಆಫೀಸಿನ ಕರೆಂಟು ಬೈಕು. ಸೆಲ್ವಿನ್ ಕೆಲಸ ಮಾಡುವುದು ಅಲ್ಲೇ. ಸದ್ದಿಲ್ಲದೆ ಹೋಗಿ ಬಿಲ್ಬಿ ಎಂಬ ಉದ್ದಕಿವಿಯ ಪುಟ್ಟ ಪ್ರಾಣಿಗಳ ಬಿಲ ಎಣಿಸಲಿ ಎಂದು ತರಿಸಿದ್ದ ಬೈಕು ಅದು. ಅದಕ್ಕೆ ಮೂಗೂ ಇಲ್ಲ, ಹೊಗೆಯೂ ಇಲ್ಲ, ಹಾಗಾಗಿ ತೊಡೆಮಟ್ಟದ ನೀರಿಗಿಳಿದರೂ ಕೆಮ್ಮುವುದಿಲ್ಲ.

“ನಾನೂ ಬರ್ತೀನಿ,” ಎಂದ ಗೋರ್ಡನ್ ಜುಂಗರ್ರಾಯಿ. ಸೆಲ್ವಿನ್‌ನ ಹೆಂಡತಿಯ ಅಣ್ಣ, ಒಳ್ಳೆ ನೀರಿನ ಡ್ರಮ್ಮಿನಂಥ ಮೈಕಟ್ಟಿನವ.

“ನೀನು ಕೂತ್ರೆ ಬೈಕು ಇಲ್ಲೇ ಹೂತೋಗುತ್ತೆ ಭಾವ.”

“ನಾನಿಲ್ದೆ ಹೋಗಿ ಏನ್ಮಾಡ್ತೀಯ? ನಮ್ಮಮ್ಮನ ಹತ್ರ ನೀನು ಮಾತಾಡ್ತೀಯಾ?”

ಈ ಮರಳುಗಾಡಿನ ನಮ್ಮ ಜನರಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ, ಅವಳು ಕೂತ ನೆರಳಿನಲ್ಲಿ ಕೂರುವಂತಿಲ್ಲ. ಅವಳು ಅಂಗಡಿಗೆ ಬಂದರೆ ಇವನು ಹಿಂದಿನ ಬಾಗಿಲಿನಿಂದ ಹೊರಡಬೇಕು. ದ್ವೇಷವಲ್ಲ, ಮರ್ಯಾದೆ. ಮದುವೆಯಾಗಿ ಎಂಟು ವರ್ಷವಾದರೂ ಸೆಲ್ವಿನ್ ತನ್ನ ಅತ್ತೆ ನಕಮರ್ರಾಳ ಬೆನ್ನನ್ನು ಮಾತ್ರ ಬಲ್ಲ. ಹೇಳುವುದು ಕೇಳುವುದು ಏನಿದ್ದರೂ ಕಿಯಾರ್ನಾ ನಡುವೆ ಓಡಾಡಿ ಮುಟ್ಟಿಸುತ್ತಿದ್ದಳು. ಹೆಂಡತಿ ಇದ್ದಿದ್ದರೆ ಅವಳೇ ಹೇಳುತ್ತಿದ್ದಳು, ಆದರೆ ಅವಳು ಹಸುಗೂಸಿನ ಜೊತೆ ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿದ್ದಳು.

“ಸರಿ, ಹತ್ತು,” ಎಂದ ಸೆಲ್ವಿನ್.

ಹೊರಡುವ ಮುಂಚೆ ಇಬ್ಬರೂ ಲೆಕ್ಕ ಹಾಕಿದರು. ಜಾಲ್ಬಿ ಬೋರು ಮುಟ್ಟುವಷ್ಟರಲ್ಲಿ ಬ್ಯಾಟರಿ ಹೆಚ್ಚುಕಮ್ಮಿ ಮುಗಿದಿರುತ್ತದೆ. ಅಲ್ಲಿ ತುಂಬಿಸಿಕೊಂಡೇ ವಾಪಸು ಬರಬೇಕು. ಬೈಕಿನ ಸ್ವಂತ ಚಾರ್ಜರು ಬಲು ನಿಧಾನ, ಅದನ್ನೇ ನಂಬಿ ಕೂತರೆ ಕತ್ತಲಾಗುತ್ತದೆ. ಆದರೆ ಸೀಟಿನ ಕೆಳಗೆ, ರಬ್ಬರಿನ ಮುಚ್ಚಳದ ಹಿಂದೆ, ಬೈಕಿಗೆ ಇನ್ನೊಂದು ಬಾಯಿತ್ತು. ಬೇರೆ ಚಾರ್ಜರಿನ ಪೆಟ್ಟಿಗೆಯನ್ನು ತಂದು ಅಲ್ಲಿಗೆ ಸಿಕ್ಕಿಸಿದರೆ ಎರಡೂ ಬಾಯಿಂದ ಉಣ್ಣುತ್ತದೆ, ಅರ್ಧ ಹೊತ್ತು ಸಾಕು. ಸೆಲ್ವಿನ್ ಆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪಕ್ಕದ ಚೀಲಕ್ಕೆ ಹಾಕಿದ. ಉದ್ದನೆಯ ವೈರಿನ ಸುರುಳಿಯೊಂದನ್ನು ಗೋರ್ಡನ್ ಹೆಗಲಿಗೆ ಹಾಕಿಕೊಂಡ.

“ಎರಡು ಚಾರ್ಜರಿಗೂ ಬೇರೆ ಬೇರೆ ಲೈನು. ಒಂದೇ ಲೈನಿಗೆ ಎರಡೂ ಹಾಕಿದ್ರೆ ಕಥೆ ಮುಗೀತು,” ಎಂದು ಸೆಲ್ವಿನ್ ತನಗೇ ಹೇಳಿಕೊಂಡ.

“ಶೆಡ್ಡಿಂದೊಂದು ಸೋಲಾರು, ಮನೇದೊಂದು ಸೋಲಾರು. ಎರಡಿದೆಯಲ್ಲ. ಒಂದು ನೀನು ನೋಡ್ಕೊ, ಮನೆ ಕಡೇದು ನಾನು ನೋಡ್ಕೋತೀನಿ. ನಡಿ,” ಎಂದ ಗೋರ್ಡನ್.

ಮಳೆ ನಿಂತ ಮರಳುಗಾಡು ಕಣ್ಣಿಗೆ ಹಬ್ಬವಾಗಿತ್ತು. ಕೆಂಪು ಮರಳು ನೆನೆದು ಕಂದುಬಣ್ಣಕ್ಕೆ ತಿರುಗಿ, ಅದರ ಮೇಲೆ ರಾತ್ರೋರಾತ್ರಿ ಹಸಿರು ಮೊಳೆತಿತ್ತು. ಮುಲ್ಗಾ ಮರಗಳ ಕಪ್ಪು ಕಾಂಡಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಸಿರು ಗಿಳಿಗಳ ಹಿಂಡುಗಳು ಒಟ್ಟಿಗೇ ಎದ್ದು, ಒಟ್ಟಿಗೇ ತಿರುಗಿ, ಒಟ್ಟಿಗೇ ಇಳಿಯುತ್ತಿದ್ದವು. ಮುಳ್ಳುಹುಲ್ಲಿನ ದಿಬ್ಬಗಳ ನಡುವೆ ಸದ್ದಿಲ್ಲದೆ ಬರುತ್ತಿದ್ದ ಬೈಕನ್ನು ಕಾಂಗರೂಗಳು ಹತ್ತಿರಕ್ಕೆ ಬರುವವರೆಗೂ ಗಮನಿಸಲೇ ಇಲ್ಲ. ಬೇರೆ ದಿನವಾಗಿದ್ದರೆ ಗೋರ್ಡನ್ ಬಂದೂಕು ತರಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಇವತ್ತು ದಾರಿಯನ್ನೇ ನೋಡುತ್ತಿದ್ದ.

ತಗ್ಗಿನ ಹಳ್ಳ ಬಂತು. ನೀರು ಕಂದು ಬಣ್ಣದಲ್ಲಿ ಸರಸರನೆ ಹರಿಯುತ್ತಿತ್ತು.

ಗೋರ್ಡನ್ ಇಳಿದು ಕೋಲು ಹಾಕಿ ಆಳ ನೋಡಿದ. ತೊಡೆಮಟ್ಟ. “ಬಾ.”

ಸೆಲ್ವಿನ್ ಬೈಕು ಇಳಿಸಿದ. ನಡುವಿನಲ್ಲಿ ಹಿಂದಿನ ಚಕ್ರ ಜಾರಿತು. ಬೈಕು ವಾಲಿತು. ಗೋರ್ಡನ್ ಎರಡೂ ಕೈಯಲ್ಲಿ ಹಿಂಬದಿ ಹಿಡಿದು, ಹಲ್ಲು ಕಚ್ಚಿ, ಇಡೀ ಮೈ ಕೊಟ್ಟು ನೂಕಿದ. ಚಕ್ರಕ್ಕೆ ನೆಲ ಸಿಕ್ಕಿತು. ದಡ ಹತ್ತಿದಾಗ ಇಬ್ಬರ ಮುಖದಲ್ಲೂ ಕೆಸರು ಬಿಟ್ಟರೆ ಕಣ್ಣು ಮಾತ್ರ ಕಾಣುತ್ತಿತ್ತು.

ಆಮೇಲೆ ಒದ್ದೆ ಮರಳು. ಅದು ಹಳ್ಳಕ್ಕಿಂತ ಕಷ್ಟ. ಇಬ್ಬರನ್ನು ಹೊತ್ತ ಬೈಕು ಮರಳನ್ನು ಉಳುತ್ತಾ ಹೋಯಿತು, ಬ್ಯಾಟರಿಯ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ದೊಡ್ಡ ಜೇಡಿಮಣ್ಣಿನ ಬಯಲಿನ ಅಂಚಿಗೆ ಬಂದಾಗ ಸೆಲ್ವಿನ್ ಬೈಕು ನಿಲ್ಲಿಸಿ ಅಂಕಿ ನೋಡಿದ. ಗೋರ್ಡನ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಇಬ್ರೂ ಹೋದ್ರೆ ಮುಟ್ಟಲ್ಲ, ಅಲ್ವಾ?”

“ಮುಟ್ಟಲ್ಲ.”

ಗೋರ್ಡನ್ ಇಳಿದು ವೈರಿನ ಸುರುಳಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿದ. “ನೀರಿದೆ, ಬಿಸ್ಕತ್ತಿದೆ. ಆ ದಿಬ್ಬದ ಮೇಲೆ ಇರ್ತೀನಿ. ಹೋಗು.”

“ಅತ್ತೆ ಹತ್ರ...”

“ಅದು ನಿನ್ನ ಹಣೆಬರಹ. ಹೋಗೋ ಮಾರಾಯ, ಮಗು ಕಾಯ್ತಿದೆ.”

ಸೂರ್ಯ ನೆತ್ತಿಗೆ ಬರುವ ಮುಂಚೆ ಸೆಲ್ವಿನ್ ಜಾಲ್ಬಿ ಬೋರು ಮುಟ್ಟಿದ. ಬೈಕು ಕೊನೆಯ ದಿಬ್ಬವನ್ನು ತೆವಳುತ್ತಾ ಹತ್ತಿತ್ತು. ಡೀಸೆಲ್ ಎಂಬ ಹಳದಿ ನಾಯಿ ಬೊಗಳುತ್ತಾ ಎದುರು ಬಂತು. ಸೆಲ್ವಿನ್ ದೂರದಲ್ಲೇ ನಿಂತು ಜೋರಾಗಿ ಕೆಮ್ಮಿದ. ಜಗಲಿಯ ಹಾಸಿಗೆಯ ಪಕ್ಕದಲ್ಲಿದ್ದ ಹೆಂಗಸು ಸರಕ್ಕನೆ ಬೆನ್ನು ತಿರುಗಿಸಿ ತಲೆಯ ಮೇಲೆ ಕಂಬಳಿ ಎಳೆದುಕೊಂಡಳು. ಹಾಸಿಗೆಯ ಮೇಲೆ ಕಿಯಾರ್ನಾ ಕೂತಿದ್ದಳು, ಎರಡೂ ಕೈ ಮುಂದಕ್ಕೂರಿ, ಹೆಗಲೆತ್ತಿ. ಉಸಿರು ಎಳೆದಾಗಲೆಲ್ಲ ಕೊರಳ ಬುಡದಲ್ಲಿ ಗುಳಿ ಬೀಳುತ್ತಿತ್ತು. ಅಪ್ಪನನ್ನು ಕಂಡು ತುಟಿ ಅಲುಗಿಸಿದಳು. ಮಾತು ಹೊರಡಲಿಲ್ಲ.

ಸೆಲ್ವಿನ್ ಔಷಧದ ಚೀಲವನ್ನು ಅಂಗಳದ ಬೋರಲು ಡ್ರಮ್ಮಿನ ಮೇಲಿಟ್ಟು, ಹಿಂದೆ ಸರಿದು, ಬೆನ್ನು ತಿರುಗಿಸಿ ಮಗಳಿಗೆ ಕೂಗಿ ಹೇಳಿದ.

“ಕಿಯಾರ್ನಾ, ನೀನು ಮಾತಾಡ್ಬೇಡ, ಕೇಳಿಸ್ಕೊ ಸಾಕು. ಪಂಪನ್ನ ಆ ಉದ್ದ ಕೊಳವೆಗೆ ಹಾಕ್ಬೇಕು. ಒಂದೊಂದಾಗಿ ಆರು ಸಲ. ಪ್ರತಿ ಸಲಾನೂ ನಿಧಾನಕ್ಕೆ ನಾಲ್ಕು ಉಸಿರು. ಆಮೇಲೆ ಮಾತ್ರೆ, ನೀರಲ್ಲಿ ಕರಗಿಸಿ. ಸಂಜೆ ವಿಮಾನ ಬರುತ್ತೆ, ನಾನು ನಿನ್ನ ಕರ್ಕೊಂಡು ಹೋಗ್ತೀನಿ.”

ಹಿಂದೆ ಬರಿಗಾಲಿನ ಹೆಜ್ಜೆ ಬಂತು, ಹೋಯಿತು. ಪಂಪು ಪುಸ್ ಎಂದಿತು. ಹೇಳಬೇಕಾದವಳಿಗೆ ಹೇಳಿದ ಮಾತು ಮುಟ್ಟಿತ್ತು.

ಈಗ ಚಾರ್ಜು. ಶೆಡ್ಡಿನ ಗೋಡೆಯಲ್ಲಿ ಒಂದು ಪ್ಲಗ್ಗಿತ್ತು, ಅದು ಪಂಪಿನ ಸೋಲಾರಿನದು. ಮನೆಯ ಸೋಲಾರಿನ ಪ್ಲಗ್ಗು ಇದ್ದದ್ದು ಜಗಲಿಯಲ್ಲಿ, ಅತ್ತೆಯ ದೊಡ್ಡ ಬಿಳಿ ಫ್ರೀಜರಿನ ಹಿಂದೆ. ಅಂದರೆ ಅತ್ತೆ ಕೂತ ಜಾಗದಿಂದ ಒಂದು ಮಾರು. ಅವಳು ಅಲ್ಲಿಂದೇಳದೆ ಇವನು ಅಲ್ಲಿಗೆ ಹೋಗುವಂತಿಲ್ಲ. ಏಳಿ ಎಂದು ಅತ್ತೆಗೆ ಹೇಳುವುದುಂಟೇ? ಮಗಳ ನೆಪದಲ್ಲಿ ಕೂಗಿ ಹೇಳಿದರೂ ಅದು ಅಪ್ಪಣೆ ಮಾಡಿದಂತೆಯೇ. ಹಾಗೆ ಮಾಡಿದವನನ್ನು ನಮ್ಮವರು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಸೆಲ್ವಿನ್ ಜಗಲಿಯ ಕಡೆ ನೋಡಲಿಲ್ಲ. ಶೆಡ್ಡಿನೊಳಗೆ ಬೈಕು ತಳ್ಳಿದ. ಬೈಕಿನ ಸ್ವಂತ ಚಾರ್ಜರನ್ನು ಶೆಡ್ಡಿನ ಪ್ಲಗ್ಗಿಗೆ ಹಾಕಿದ. ಹಸಿರು ದೀಪ ಹತ್ತಿತು. ನಿಧಾನಕ್ಕೆ, ತೀರಾ ನಿಧಾನಕ್ಕೆ, ಅಂಕಿ ಒಂದು ಏರಿತು. ಮಗಳ ಉಸಿರಿನ ಸೀಟಿ ಇಲ್ಲಿಗೂ ಕೇಳುತ್ತಿತ್ತು.

ಆಗ ಅವನು ಆ ತಪ್ಪು ಮಾಡಿದ. ಬೆಳಿಗ್ಗೆ ತಾನೇ ಬಾಯಿಬಿಟ್ಟು ಹೇಳಿದ ಮಾತನ್ನು ನುಂಗಿಕೊಂಡು, ಎರಡನೇ ಚಾರ್ಜರನ್ನೂ ಅದೇ ಗೋಡೆಗೆ ಸಿಕ್ಕಿಸಿದ. ನಾಚಿಕೆ ಎಂಬುದು ಮನುಷ್ಯನ ಕೈಯಲ್ಲಿ ಏನೇನು ಮಾಡಿಸುತ್ತದೆ ನೋಡಿ.

ಇನ್ವರ್ಟರು ಕೀಂ ಎಂದು ಅರಚಿತು. ಕೆಂಪು ದೀಪ ಮಿನುಗಿತು. ಸುಟ್ಟ ವಾಸನೆ ಬಂತು. ಎಲ್ಲವೂ ಆರಿತು.

ಸೆಲ್ವಿನ್ ಎರಡೂ ವೈರು ಕಿತ್ತ. ಗುಂಡಿ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಏನೂ ಇಲ್ಲ. ಇನ್ವರ್ಟರಿನ ಮೈ ಕಾದ ಹೆಂಚಿನಷ್ಟು ಬಿಸಿಯಾಗಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಟೋಪಿಯಿಂದ ಗಾಳಿ ಬೀಸಿದ, ಒಳಗೊಳಗೇ ತನ್ನನ್ನು ಬೈದುಕೊಂಡ. ಟ್ಯಾಂಕಿನ ನೆರಳು ಶೆಡ್ಡಿನ ಈಚೆ ಬದಿಯಿಂದ ಆಚೆಗೆ ಹೊರಳತೊಡಗಿತು. ಅಂತೂ ಕೊನೆಗೊಮ್ಮೆ ಟಕ್ ಎಂದು ಹಸಿರು ದೀಪ ಬಂದಾಗ ಅವನ ಕಣ್ಣಲ್ಲಿ ನೀರಿತ್ತು. ಇದ್ದ ಹೊತ್ತಿನಲ್ಲಿ ಎಷ್ಟೋ ಹೊತ್ತು ಹಾಳಾಗಿತ್ತು. ಒಂದೇ ಬಾಯಿಂದ ಉಂಡರೆ ಇನ್ನು ಸಂಜೆಯೊಳಗೆ ಹೊರಡುವ ಮಾತೇ ಇಲ್ಲ.

ಅಷ್ಟರಲ್ಲಿ ಜಗಲಿಯಿಂದ ದನಿ ಬಂತು. ಒರಟು ದನಿ, ನಿಧಾನದ ಮಾತು.

“ಡೀಸೆಲ್, ಬಾ ಇಲ್ಲಿ. ಕೂತ್ಕೊ. ನಿಂಗೊಂದು ಮಾತು ಹೇಳ್ತೀನಿ.”

ಸೆಲ್ವಿನ್‌ನ ಕೈ ನಿಂತಿತು. ಎಂಟು ವರ್ಷದಲ್ಲಿ ಅತ್ತೆಯ ದನಿಯನ್ನು ಅವನು ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು.

“ಶೆಡ್ಡಲ್ಲಿ ಒಬ್ಬ ಮನುಷ್ಯ ಇದಾನೆ ಡೀಸೆಲ್. ಒಳ್ಳೇವ್ನು. ಆದ್ರೆ ಒಂದೇ ಕೆಚ್ಚಲಿಗೆ ಎರಡು ಕರು ಬಿಟ್ಟ. ಆ ಬೈಕಿಗೆ ಎರಡು ಬಾಯಿದೆ ಅಂತ ನನ್ ಮಗ ಬೆಳಿಗ್ಗೆ ಫೋನಲ್ಲಿ ಹೇಳಿದ್ದ. ಒಂದು ಬಾಯಿಗೆ ಶೆಡ್ಡು, ಇನ್ನೊಂದಕ್ಕೆ ಈ ಜಗಲಿ.”

ಡೀಸೆಲ್ ಬಾಲದಿಂದ ಹಲಗೆ ಬಡಿಯಿತು.

“ಈ ಫ್ರೀಜರಲ್ಲಿ ಕಾಂಗರೂ ಬಾಲ ಇಟ್ಟಿದೀನಿ, ನಿಂಗೊತ್ತಲ್ಲ, ಹಸುಗೂಸು ಊರಿಗೆ ಬಂದಾಗ ಸುಡೋಕೆ ಅಂತ. ಅದರ ಪ್ಲಗ್ಗು ಈಗ ಕಿತ್ತೆ. ಕರಗಿದ್ರೆ ಕರಗ್ಲಿ, ಬಾಲ ಇನ್ನೊಂದ್ ಸಿಗುತ್ತೆ. ನಾನು ಟ್ಯಾಂಕಿನ ಹಿಂದೆ ನೆರಳಲ್ಲಿ ಕೂತ್ಕೋತೀನಿ. ಕರೆಯೋವರೆಗೆ ಈ ಕಡೆ ತಲೆ ಹಾಕಲ್ಲ. ಮಗುನ ನೋಡ್ಕೊ ಡೀಸೆಲ್. ಯಾರಾದ್ರೂ ಬಂದ್ರೆ ಕಚ್ಬೇಡ.”

ಕಂಬಳಿ ಹೊದ್ದ ಆಕೃತಿ ಜಗಲಿ ಇಳಿದು, ಶೆಡ್ಡಿನ ಕಡೆ ತಿರುಗದೆ, ದೊಡ್ಡ ಸುತ್ತು ಹಾಕಿ ಟ್ಯಾಂಕಿನ ಹಿಂದೆ ಮರೆಯಾಯಿತು.

ಸೆಲ್ವಿನ್ ಇನ್ನು ತಡಮಾಡಲಿಲ್ಲ. ಬೈಕನ್ನು ಜಗಲಿಯ ಬುಡಕ್ಕೆ ತಳ್ಳಿ, ವೈರಿನ ಸುರುಳಿ ಬಿಚ್ಚಿ ಶೆಡ್ಡಿನಿಂದ ಸ್ವಂತ ಚಾರ್ಜರಿಗೆ ಎಳೆದ. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಎರಡನೇ ಬಾಯಿಯ ರಬ್ಬರು ಮುಚ್ಚಳದ ಅಂಚಿಗೆ ಕೆಸರು ಮೆತ್ತಿತ್ತು. ಶೆಡ್ಡಿನಲ್ಲಿ ಅವಸರದಲ್ಲಿ ಸಿಕ್ಕಿಸಿದಾಗ ಅದರಲ್ಲಿ ಒಂದಿಷ್ಟು ಒಳಗೆ ಹೋಗಿತ್ತು. ಅಂಗಿಯ ಚುಂಗಿನಿಂದ ಒರೆಸಿದ, ಒಣ ಕಡ್ಡಿಯಿಂದ ಮೂಲೆ ಕೆದಕಿದ, ಬಾಯಿಂದ ಊದಿದ, ಮತ್ತೆ ಒರೆಸಿದ. ಸಿಕ್ಕಿಸುವಾಗ ಮೊದಲು ಬೈಕಿನ ಕಡೆ, ಆಮೇಲೆ ಗೋಡೆಯ ಕಡೆ. ತೆಗೆಯುವಾಗ ಮೊದಲು ಗೋಡೆ, ಆಮೇಲೆ ಬೈಕು. ಈ ಸಲ ಅವನು ಯಾವುದನ್ನೂ ಹಿಂದುಮುಂದು ಮಾಡಲಿಲ್ಲ.

ಎರಡೂ ಪೆಟ್ಟಿಗೆ ಗುಂಯ್ ಎಂದವು. ಎರಡೂ ದೀಪ ಹಸಿರು. ಅಂಕಿ ಏರತೊಡಗಿತು.

ಅವನು ಮಗಳ ಪಕ್ಕ ಕೂತು ಬೆನ್ನು ನೇವರಿಸಿದ. ಹೊತ್ತು ನೋಡಿಕೊಂಡು ಮತ್ತೆ ಪಂಪು ಒತ್ತಿದ. ಔಷಧ ಕೆಲಸ ಮಾಡುತ್ತಿತ್ತು, ಆದರೆ ಸಾಲದು. ಸೀಟಿ ಸ್ವಲ್ಪ ಇಳಿದಾಗ ಕಿಯಾರ್ನಾ ಅವನ ತೋಳಿಗೆ ಒರಗಿ, ಒಂದೊಂದೇ ಮಾತನ್ನು ಹೊರತಳ್ಳಿದಳು.

“ಜಾಜಾ... ನಾಯಿ ಹತ್ರ... ಮಾತಾಡ್ತು.”

“ಹೂಂ. ಅಜ್ಜಿ ಮಾತಾಡ್ತು. ನೀನು ಸುಮ್ನಿರು ಕಂದ.”

ಸೂರ್ಯ ಇಳಿಯತೊಡಗಿದಾಗ ಸಾಕಷ್ಟು ತುಂಬಿತ್ತು. ಗೋಡೆಯ ವೈರು ಕಿತ್ತ, ಬೈಕಿನದು ಕಿತ್ತ, ಮುಚ್ಚಳ ಬಿಗಿದ. ಚಾರ್ಜರು, ಸುರುಳಿ ಎಲ್ಲವನ್ನೂ ಭಾರ ಎಂದು ಅಲ್ಲೇ ಬಿಟ್ಟ. ಫ್ರೀಜರಿನ ಪ್ಲಗ್ಗನ್ನು ಮತ್ತೆ ಹಾಕಿದ. ಮಗಳನ್ನು ಎದೆಗೆ ಕೂರಿಸಿಕೊಂಡು ಚಾದರದಲ್ಲಿ ಬಿಗಿಯಾಗಿ ಕಟ್ಟಿಕೊಂಡ. ಟ್ಯಾಂಕಿನ ಕಡೆಗೆ ಬೆನ್ನು ಮಾಡಿ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ.

“ಡೀಸೆಲ್, ನಾವು ಹೊರಟ್ವಿ ಅಂತ ಹೇಳ್ಬಿಡು. ಮುಟ್ಟಿಸ್ತೀನಿ ಅಂತಾನೂ ಹೇಳು.”

ಟ್ಯಾಂಕಿನ ಹಿಂದಿನಿಂದ ಮೂಗು ಸೀಟಿದ ಸದ್ದು ಮಾತ್ರ ಬಂತು.

ಪಶ್ಚಿಮದಲ್ಲಿ ಮೋಡ ಮತ್ತೆ ಕಪ್ಪುಗಟ್ಟಿತ್ತು. ಜೇಡಿಮಣ್ಣಿನ ಬಯಲಿಗೆ ಬಂದಾಗ ಮೊದಲ ಹನಿಗಳು ಬಿದ್ದವು. ಬೆಳಿಗ್ಗೆ ಹಾದು ಬಂದ ಜಾಡಿನಲ್ಲಿ ಈಗ ನೀರು ನಿಂತಿತ್ತು. ಎಲ್ಲಿ ಗಟ್ಟಿ, ಎಲ್ಲಿ ಕೆಸರು, ಒಂದೂ ತಿಳಿಯದು.

ಬೈಕು ಜಾರಿತು. ಸೆಲ್ವಿನ್ ಕಾಲೂರಿದ. ಕಾಲು ಮೊಣಕಾಲಿನವರೆಗೆ ಇಳಿಯಿತು. ಎದೆಯ ಮೇಲೆ ಮಗಳ ಉಸಿರು ಗೊರಗೊರ ಎನ್ನುತ್ತಿತ್ತು.

ತಲೆಯೆತ್ತಿದಾಗ ಎಡಗಡೆ ಒಂದು ಮುಲ್ಗಾ ಕೊಂಬೆ ಕಂಡಿತು. ಮಣ್ಣಿನಲ್ಲಿ ನೆಟ್ಟಗೆ ನಿಂತಿತ್ತು, ತಾನಾಗಿ ಬೆಳೆದದ್ದಲ್ಲ. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು, ತುದಿಗೆ ಹರಿದ ಅಂಗಿಯ ಚೂರು. ಸೆಲ್ವಿನ್ ಕಾಲು ಕಿತ್ತು ಬೈಕನ್ನು ಆ ಕಡೆ ತಿರುಗಿಸಿದ. ಕೊಂಬೆಗಳ ಬುಡದಲ್ಲಿ ನೆಲ ಗಟ್ಟಿಯಿತ್ತು. ಕೊಂಬೆಯಿಂದ ಕೊಂಬೆಗೆ, ಕೊಂಬೆಯಿಂದ ಕೊಂಬೆಗೆ, ಬಯಲು ದಾಟಿತು. ದಿಬ್ಬದ ಮೇಲೆ ಬರಿಮೈಯ ಗೋರ್ಡನ್ ನಿಂತಿದ್ದ, ಸೊಂಟದವರೆಗೆ ಕೆಸರು.

“ದಿನವಿಡೀ ಎಮ್ಮೆ ಥರ ಓಡಾಡಿ ಗಟ್ಟಿ ನೆಲ ಹುಡುಕಿದೀನಿ. ನಿಲ್ಲಿಸ್ಬೇಡ, ನಿಲ್ಲಿಸ್ಬೇಡ, ಹೋಗು. ಹಳ್ಳದ ನೀರು ಇಳಿದಿದೆ, ನೋಡ್ಕೊಂಡು ಬಂದೆ.”

“ನೀನು?”

“ನನ್ನ ಹೊಟ್ಟೆಯಲ್ಲಿ ಒಂದು ವಾರದ ಊಟ ಇದೆ. ಹೋಗೋ.”

ಹಳ್ಳ ದಾಟಿತು. ಮುಲ್ಗಾ ಕಾಡು ಹಿಂದಾಯಿತು. ಅಂಕಿ ಎರಡಕ್ಕಿಳಿಯಿತು. ತಲೆಯ ಮೇಲೆ ವಿಮಾನದ ಸದ್ದು ಕೇಳಿದಾಗ ಸೆಲ್ವಿನ್ ಮಗಳನ್ನು ಇನ್ನಷ್ಟು ಒತ್ತಿ ಹಿಡಿದ. ರನ್‌ವೇಯ ಬೇಲಿಯ ಬಳಿ ಬೈಕು ಮುಂದಕ್ಕೊಂದು ಹೆಜ್ಜೆಯೂ ಆಗದೆಂದು ನಿಂತಿತು. ಅವನು ಅದನ್ನು ಬೇಲಿಗೆ ಒರಗಿಸಿ ಓಡಿದ. ಹೀದರ್ ಸಿಸ್ಟರ್ ಎದುರಿಗೆ ಓಡಿ ಬಂದು, ಕಟ್ಟು ಬಿಚ್ಚುವ ಮುಂಚೆಯೇ ಮಗುವಿನ ಮುಖಕ್ಕೆ ಆಕ್ಸಿಜನ್ನಿನ ಮಾಸ್ಕು ಹಿಡಿದಳು. ವಿಮಾನ ಮತ್ತೆ ಎದ್ದಾಗ ಆಕಾಶದ ಅಂಚಿನಲ್ಲಿ ಒಂದು ಗೆರೆಯಷ್ಟು ಕೆಂಪು ಉಳಿದಿತ್ತು.

ಗೋರ್ಡನ್ ಮಾರನೆಯ ದಿನ ನಡೆದೇ ಬಂದ. ಬಂದವನು ಮೊದಲು ಮಗು ಹೇಗಿದೆ ಎಂದು ಕೇಳಿದ, ಆಮೇಲೆ ಊಟ ಕೇಳಿದ.

ದಾರಿ ಒಣಗಿದ ಮೇಲೆ ನಕಮರ್ರಾ ಜೀಪಿನಲ್ಲಿ ಊರಿಗೆ ಬಂದಳು, ಜೊತೆಗೆ ಡೀಸೆಲ್. ಅಷ್ಟರಲ್ಲಿ ಕಿಯಾರ್ನಾ, ಅವಳ ಅಮ್ಮ, ಹಸುಗೂಸು ಎಲ್ಲರೂ ಮನೆಗೆ ಬಂದಿದ್ದರು. ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಆಚೆ ಮರದ ಕೆಳಗೆ ನಕಮರ್ರಾ ಬೆನ್ನು ಮಾಡಿ ಕೂತಳು, ತೊಡೆಯ ಮೇಲೆ ಕೂಸು. ಈಚೆ ಸೆಲ್ವಿನ್ ಬೆನ್ನು ಮಾಡಿ ಕೂತ. ಡೀಸೆಲ್ ನಡುವೆ ಮಲಗಿತು.

“ಡೀಸೆಲ್,” ಎಂದಳು ನಕಮರ್ರಾ, “ಬೈಕು ಉಂಡ ಮೇಲೆ ಮನೆ ಸೋಲಾರು ಎರಡು ದಿನ ಏಳ್ಲೇ ಇಲ್ಲ, ಬಾಲ ಎಲ್ಲ ಕೆಟ್ಟುಹೋಯ್ತು ಕಣೋ. ಹೂತು ಹಾಕೋಷ್ಟ್ರಲ್ಲಿ ನಂಗೆ ಸಾಕುಬೇಕಾಯ್ತು.”

“ಡೀಸೆಲ್,” ಎಂದ ಸೆಲ್ವಿನ್, “ಬೆಂಕಿಯಲ್ಲಿ ಏನಿದೆ ಅಂತ ಅವ್ರಿಗೆ ಮೂಸಿ ನೋಡೋಕೆ ಹೇಳು. ನಿನ್ನೆ ಹೋಗಿ ಹೊಡ್ಕೊಂಡು ಬಂದೆ. ದೊಡ್ಡವು.”

ಕಿಯಾರ್ನಾ ಎದ್ದು ನಿಂತಳು. ಈ ಕೆಲಸ ತನ್ನದು. “ಜಾಜಾ, ಅಪ್ಪ ಏನಂತಿದಾರೆ ಅಂದ್ರೆ...”

“ನೀನು ಸುಮ್ನಿರೇ. ನಾನು ಡೀಸೆಲ್ ಹತ್ರ ಮಾತಾಡ್ತಿದೀನಿ.” ನಕಮರ್ರಾ ಕೂಸನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡಳು. “ಡೀಸೆಲ್, ಫ್ರೀಜರನ್ನ ಒಳಗೆ ಅಡುಗೆಮನೆಗೆ ತಳ್ಳಿಸಿದೀನಿ. ಜಗಲಿಯ ಪ್ಲಗ್ಗಿಗೆ ಇನ್ಮೇಲೆ ಏನೂ ಹಾಕಲ್ಲ. ಆ ಬೈಕು ಬಂದ್ರೆ ಇರ್ಲಿ ಅಂತ.”

ಬೆಂಕಿ ಚಟಪಟ ಎಂದಿತು. ಸೆಲ್ವಿನ್ ಕತ್ತು ಬಗ್ಗಿಸಿ ಕೂತಿದ್ದ. ಕಿಯಾರ್ನಾಗೆ ತಡೆಯಲಾಗಲಿಲ್ಲ. ಮರದ ಕೆಳಗಿನಿಂದ ಅಪ್ಪನವರೆಗೂ ಓಡಿ ಬಂದು, ನಿಲ್ಲದೆ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಫ್ರೀಜರು ಒಳಗೆ ಹೋಗಿದ್ದು, ಪ್ಲಗ್ಗು ಖಾಲಿ ಇರುವುದು, ಅದು ಬೈಕಿಗೇ ಅಂತ ಜಾಜಾ ಹೇಳಿದ್ದು.

“ಕೇಳಿಸ್ತಾ ಅಪ್ಪ?”

“ಕೇಳಿಸ್ತು,” ಎಂದ ಸೆಲ್ವಿನ್. “ಆದ್ರೂ ಇನ್ನೊಂದ್ಸಲ ಓಡ್ಹೋಗಿ ಬಂದು ಹೇಳು.”